ನೆಟ್ ಮುನಿಸಿಕೊಂಡಿದೆಯೇ? ಮೊದಲು ದೀಪ ನೋಡಿ

ಸಿಇಟಿ ಆಪ್ಷನ್ ಎಂಟ್ರಿಗೆ ನಾಳೆಯೇ ಕೊನೇ ದಿನ. ಮಗಳು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಳೆ, ಪರದೆ ಮೇಲೆ ಚಕ್ರ ಸುತ್ತುತ್ತಲೇ ಇದೆ. ಯಜಮಾನರು ಅಂಗಡಿಯಲ್ಲಿ, ಮಗ ಮೈಸೂರಿನ ಹಾಸ್ಟೆಲ್‌ನಲ್ಲಿ. ಕೇಬಲ್ ಹುಡುಗನಿಗೆ ಫೋನ್ ಮಾಡಿದರೆ, "ಗುಂಡ್ಲುಪೇಟೇಲಿ ಇವ್ನಿ ಕನಕ್ಕ, ಸಂಜೆ ಬತ್ತೀನಿ" ಅಂತಾನೆ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಸುಮಾರು 35 ಕಿಲೋಮೀಟರ್. ಅವನ ಸಂಜೆ ಎಂದರೆ ಎಷ್ಟೋ ಸಲ ಮಾರನೇ ದಿನದ ಮಧ್ಯಾಹ್ನ! ಅಷ್ಟು ಹೊತ್ತು ಕೈಕಟ್ಟಿ ಕೂರಬೇಕೇ?

ಮಿಕ್ಸಿ ನಿಂತರೆ ನಾವು ಹೆದರುವುದಿಲ್ಲ. ಪ್ಲಗ್ ಅಲ್ಲಾಡಿಸಿ, ತಳದಲ್ಲಿರುವ ಕೆಂಪು ಗುಂಡಿ ಒತ್ತಿ, ಮತ್ತೆ ಶುರು ಮಾಡುತ್ತೇವೆ. ಗ್ಯಾಸ್ ಉರಿ ಕಡಿಮೆಯಾದರೆ ಬರ್ನರ್ ತೆಗೆದು ತೊಳೆಯುತ್ತೇವೆ. ಆದರೆ ಮೋಡೆಮ್ ಎಂದ ಕೂಡಲೇ "ಅದು ಅವರ ಕೆಲಸ, ನನಗೆ ಗೊತ್ತಾಗಲ್ಲಪ್ಪ" ಎಂದು ದೂರ ಸರಿಯುತ್ತೇವೆ. ಬಿಎಸ್ಎನ್ಎಲ್ ಬ್ರಾಡ್‌ಬ್ಯಾಂಡ್ ಶುರುವಾದ 2005ರ ಹೊತ್ತಿಗೆ ಅದು ಮನೆಯ ಗಂಡಸರ ಮೇಜಿನ ವಸ್ತುವಾಗಿತ್ತು, ಸರಿ. 2020ರ ಲಾಕ್‌ಡೌನ್‌ನಲ್ಲಿ ಮಕ್ಕಳ ಪಾಠ ಮನೆಗೇ ಬಂದ ಮೇಲೆ? ಈಗ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ಹಾಲ್ ಟಿಕೆಟ್, ನಿಮ್ಮ ಬ್ಲೌಸ್ ಹೊಲಿಗೆಯ ಆರ್ಡರ್, ಎಲ್ಲವೂ ಆ ಪುಟ್ಟ ಡಬ್ಬಿಯ ಮೇಲೇ ನಿಂತಿವೆ. ಹಗಲೆಲ್ಲಾ ಅದರ ಜೊತೆ ಮನೆಯಲ್ಲಿರುವವರು ನೀವು. ಅದರ ಸ್ವಭಾವ ನಿಮಗೇ ಗೊತ್ತಿರಬೇಕು ತಾನೆ?

ನಲ್ಲಿ ನೀರಿನ ಲೆಕ್ಕ

ನಲ್ಲಿಯಲ್ಲಿ ನೀರು ಬರದಿದ್ದರೆ ಏನು ಮಾಡುತ್ತೀರಿ? ಪಕ್ಕದ ಮನೆಯವರನ್ನು ಕೇಳುತ್ತೀರಿ. ಅವರಿಗೂ ಇಲ್ಲವೆಂದರೆ ತೊಂದರೆ ಊರಿನ ಟ್ಯಾಂಕಿನದ್ದು. ಅವರಿಗೆ ಬರುತ್ತಿದ್ದರೆ ನಿಮ್ಮ ಪೈಪಿನದ್ದು. ಬಚ್ಚಲಲ್ಲಿ ಬಂದು ಅಡುಗೆಮನೆಯಲ್ಲಿ ಮಾತ್ರ ಬರದಿದ್ದರೆ ಆ ಒಂದು ನಲ್ಲಿಯದ್ದು. ಇಂಟರ್‌ನೆಟ್ಟಿಗೂ ಇದೇ ಲೆಕ್ಕ.

ಹೊರಗಿನ ತಂತಿಯಿಂದ ನೆಟ್ ಅನ್ನು ಮನೆಯೊಳಗೆ ಇಳಿಸಿಕೊಳ್ಳುವುದು ಮೋಡೆಮ್. ಅದನ್ನು ಮನೆಯ ಎಲ್ಲ ಫೋನ್, ಟಿವಿ, ಲ್ಯಾಪ್‌ಟಾಪ್‌ಗಳಿಗೆ ಹಂಚುವುದು ರೂಟರ್. ಕೆಲವರ ಮನೆಯಲ್ಲಿ ಇವು ಎರಡು ಡಬ್ಬಿ. ಫೈಬರ್ ಹಾಕಿಸಿಕೊಂಡವರಲ್ಲಿ ಸಾಮಾನ್ಯವಾಗಿ ಎರಡೂ ಒಂದೇ ಡಬ್ಬಿಯಲ್ಲಿರುತ್ತವೆ.

ಮೊದಲು ಹೀಗೆ ಪರೀಕ್ಷಿಸಿ:

* ಒಂದು ಫೋನಿನಲ್ಲಿ ಮಾತ್ರ ನೆಟ್ ಇಲ್ಲವೇ? ತೊಂದರೆ ಆ ಫೋನಿನದ್ದು. ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ. ಆಗಲೂ ಸರಿಹೋಗದಿದ್ದರೆ ವೈಫೈ ಹೆಸರನ್ನು 'ಫರ್ಗೆಟ್' ಮಾಡಿ, ಪಾಸ್‌ವರ್ಡ್ ಹೊಸದಾಗಿ ಹಾಕಿ.
* ವೈಫೈ ಹೆಸರು ಕಾಣುತ್ತದೆ, ಸೇರಿಕೊಳ್ಳುತ್ತದೆ, ಆದರೆ ಯಾವ ಫೋನಿನಲ್ಲೂ ಏನೂ ತೆರೆಯುವುದಿಲ್ಲವೇ? ರೂಟರ್ ಎಚ್ಚರವಾಗಿಯೇ ಇದೆ. ತೊಂದರೆ ಮೋಡೆಮ್‌ನಲ್ಲಿ ಅಥವಾ ಹೊರಗಿನ ಲೈನಿನಲ್ಲಿದೆ.
* ವೈಫೈ ಹೆಸರೇ ಕಾಣುವುದಿಲ್ಲವೇ? ರೂಟರ್‌ಗೆ ಕರೆಂಟ್ ಹೋಗುತ್ತಿದೆಯೇ ನೋಡಿ.
* ಪಕ್ಕದ ಮನೆಯಲ್ಲೂ ಅದೇ ಕಂಪನಿಯ ನೆಟ್ ಇದ್ದು, ಅವರಿಗೂ ಬರುತ್ತಿಲ್ಲವೇ? ನಿಮ್ಮ ಡಬ್ಬಿಯನ್ನು ಮುಟ್ಟಲೇಬೇಡಿ. ದೂರು ಕೊಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ.

ಇನ್ನೊಂದು ಮಾತು. ಪ್ಯಾಕ್ ಮುಗಿದಿದೆಯೇ ನೋಡಿದಿರಾ? 30 ದಿನದ ಪ್ಯಾಕ್ ಎಂದರೆ ತಿಂಗಳಲ್ಲ! ಜನವರಿ 1ಕ್ಕೆ ಹಾಕಿಸಿದ್ದು 30ಕ್ಕೇ ಮುಗಿಯುತ್ತದೆ. ಕೆಲವು ಪ್ಲಾನ್‌ಗಳಲ್ಲಿ ಇಷ್ಟು ಜಿಬಿ ದಾಟಿದ ಮೇಲೆ ವೇಗ ಇಳಿಸಿಬಿಡುತ್ತಾರೆ. ತಿಂಗಳ ಕೊನೆಯಲ್ಲಿ ಮಾತ್ರ ನೆಟ್ ಆಮೆಯಾಗುತ್ತಿದ್ದರೆ ಕಾರಣ ಇದೇ ಇರಬಹುದು.

ದೀಪಗಳು ಏನು ಹೇಳುತ್ತವೆ?

ಡಬ್ಬಿಯ ಮೇಲಿನ ದೀಪಗಳು ಅಲಂಕಾರಕ್ಕಲ್ಲ. ನೆಟ್ ಚೆನ್ನಾಗಿರುವ ದಿನವೇ ಅವುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಕೆಟ್ಟ ದಿನ ಹೋಲಿಸಿ ನೋಡಲು ಸುಲಭ.

ಫೈಬರ್ ಡಬ್ಬಿಯಲ್ಲಿ 'ಪಿಓಎನ್' ದೀಪ ಹಸಿರಾಗಿ ನಿಂತಿದ್ದರೆ ಲೈನ್ ಸರಿಯಿದೆ. 'ಎಲ್ಓಎಸ್' ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕು ನಿಮ್ಮ ಡಬ್ಬಿಗೆ ತಲುಪುತ್ತಿಲ್ಲ ಎಂದರ್ಥ. ಫೈಬರ್ ಎಲ್ಲೋ ತುಂಡಾಗಿದೆ ಅಥವಾ ಮಡಚಿಕೊಂಡಿದೆ. ಎಷ್ಟು ಸಲ ಆಫ್ ಆನ್ ಮಾಡಿದರೂ ಅದು ಸರಿಹೋಗದು. ಸೋಫಾ, ಬೀರು ಸರಿಸುವಾಗ ತಂತಿ ಸಿಕ್ಕಿಕೊಂಡಿದೆಯೇ ನೋಡಿ, ಮೆಲ್ಲಗೆ ಬಿಡಿಸಿ. ಅದರೊಳಗಿರುವುದು ಗಾಜಿನ ಎಳೆ. ಬೆಳಕು ಹರಿಯುವ ತಿರುಳು ಸುಮಾರು 9 ಮೈಕ್ರಾನ್, ಅಂದರೆ ನಿಮ್ಮ ಕೂದಲೆಳೆಗಿಂತ ಎಷ್ಟೋ ತೆಳು. ಆದ್ದರಿಂದ ಫೈಬರ್ ತುದಿಯನ್ನು ಕಿತ್ತು ಸೆರಗಿನಿಂದ ಒರೆಸಲು ಹೋಗಬೇಡಿ, ಧೂಳಿನ ಒಂದು ಕಣವೂ ಬೆಳಕನ್ನು ತಡೆಯಬಲ್ಲದು. ತುದಿಯನ್ನು ಕಣ್ಣಿನ ಹತ್ತಿರ ಹಿಡಿಯಲೂಬೇಡಿ. ಅದರಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣಿಸದು, ಆದರೆ ಹಾನಿ ಮಾಡಬಹುದು.

ಟಿವಿ ಕೇಬಲ್‌ನಲ್ಲೇ ನೆಟ್ ಬರುವ ಮನೆಗಳಲ್ಲಿ 'ಆನ್‌ಲೈನ್' ದೀಪ ಮಿನುಗುತ್ತಲೇ ಇದ್ದರೆ ಸಿಗ್ನಲ್ ಸಾಲುತ್ತಿಲ್ಲ. ಮೋಡೆಮ್ ಹಿಂದಿನ ದಪ್ಪ ತಂತಿಯ ತಿರುಪು ಧೂಳು ಒರೆಸುವಾಗ ಸಡಿಲವಾಗಿರಬಹುದು, ಕೈಯಿಂದಲೇ ಬಿಗಿ ಮಾಡಿ. ಇತ್ತೀಚೆಗೆ ರೂಮಿಗೆ ಎರಡನೇ ಟಿವಿ ಕನೆಕ್ಷನ್ ಎಳೆಸಿದಿರಾ? ತಂತಿಯನ್ನು ಎರಡಾಗಿ ಕವಲು ಮಾಡಿದಾಗಲೆಲ್ಲ ಸಿಗ್ನಲ್ ಅರ್ಧಕ್ಕರ್ಧ ಹಂಚಿಹೋಗುತ್ತದೆ. ಟಿವಿ ಬಂದ ವಾರವೇ ನೆಟ್ ಹೋಗಿದ್ದರೆ ಆ ಕವಲನ್ನೇ ಅನುಮಾನಿಸಿ.

ಐದು ನಿಮಿಷದ ಮನೆಮದ್ದು

ದೀಪಗಳೆಲ್ಲ ಸರಿ, ಆದರೂ ನೆಟ್ ಇಲ್ಲ. ಆಗ ಈ ಕ್ರಮ ತಪ್ಪದೆ ಮಾಡಿ:

1. ಮೋಡೆಮ್, ರೂಟರ್ ಎರಡನ್ನೂ ಸ್ವಿಚ್ ಆಫ್ ಮಾಡಿ, ಪೂರ್ತಿ ಒಂದು ನಿಮಿಷ ಬಿಡಿ.
2. ಮೊದಲು ಮೋಡೆಮ್ ಆನ್ ಮಾಡಿ. ದೀಪಗಳು ನಿಲ್ಲುವವರೆಗೆ ಎರಡು ಮೂರು ನಿಮಿಷ ಕಾಯಿರಿ.
3. ಆಮೇಲೆ ರೂಟರ್ ಆನ್ ಮಾಡಿ. ಇನ್ನೆರಡು ನಿಮಿಷ ಕಾಯಿರಿ.
4. ಕೊನೆಗೆ ಫೋನಿನ ವೈಫೈ ಹಾಕಿ.

ಈ ಕ್ರಮ ಯಾಕೆ? ರೂಟರ್ ಎದ್ದ ಕೂಡಲೇ ಮೋಡೆಮ್ ಕಡೆಯಿಂದ ಒಂದು ವಿಳಾಸ ಕೇಳುತ್ತದೆ. ಮೋಡೆಮ್ ಇನ್ನೂ ನಿದ್ದೆಗಣ್ಣಲ್ಲಿದ್ದರೆ ಉತ್ತರ ಸಿಗುವುದಿಲ್ಲ. ಹೊಸ ರೂಟರ್ ತಂದಾಗಲೂ ಮೋಡೆಮ್ ಆಫ್ ಮಾಡಿ ಆನ್ ಮಾಡಲೇಬೇಕು. ಹಳೇ ರೂಟರ್‌ನ ಗುರುತನ್ನೇ ಹಿಡಿದುಕೊಂಡು ಹೊಸದನ್ನು ಒಳಗೆ ಬಿಡದ ಮೋಡೆಮ್‌ಗಳಿವೆ!

ಹೇರ್‌ಪಿನ್ ದೂರವಿಡಿ

ಡಬ್ಬಿಯ ಹಿಂದೆ ಸೂಜಿ ಹೋಗುವಷ್ಟು ಒಂದು ತೂತಿರುತ್ತದೆ, ಪಕ್ಕದಲ್ಲಿ 'ರೀಸೆಟ್' ಎಂದು ಬರೆದಿರುತ್ತದೆ. ಅದಕ್ಕೆ ಹೇರ್‌ಪಿನ್ ತೂರಿಸಲು ಕೈ ತುರಿಸುತ್ತದೆ. ಬೇಡವೇ ಬೇಡ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ರೀಸೆಟ್ ಮಾಡಿದರೆ ಕಂಪನಿಯವರು ಹಾಕಿಕೊಟ್ಟಿದ್ದ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತವೆ. ಸಣ್ಣ ತೊಂದರೆ ದೊಡ್ಡದಾಗಿ, ಹುಡುಗ ಬಂದೇ ಸರಿಮಾಡಬೇಕಾಗುತ್ತದೆ. ಕನೆಕ್ಷನ್ ಕೊಡುವಾಗಲೇ ಆ ವಿವರ ಕೇಳಿ, ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಬರೆದಿಡಿ.

ಹಾಲ್‌ನಲ್ಲಿ ಬರುತ್ತೆ, ಅಡುಗೆಮನೇಲಿ ಬರಲ್ಲ

ಇದು ಲೈನಿನ ತಪ್ಪಲ್ಲ, ಜಾಗದ ತಪ್ಪು. ನಮ್ಮ ಕಡೆಯ ಹಳೇ ಹೆಂಚಿನ ಮನೆಗಳ ದಪ್ಪ ಮಣ್ಣಿನ ಗೋಡೆ ವೈಫೈ ಅಲೆಯನ್ನು ನುಂಗುತ್ತದೆ. ಕಬ್ಬಿಣದ ಬೀರು ಅದನ್ನು ತಳ್ಳುತ್ತದೆ. ಮೀನಿನ ತೊಟ್ಟಿ, ನೀರಿನ ಡ್ರಮ್ ಹೀರುತ್ತವೆ. ಮೈಕ್ರೋವೇವ್ ಒಲೆ ಕೆಲಸ ಮಾಡುವುದು ವೈಫೈನ 2.4 ಗಿಗಾಹರ್ಟ್ಸ್ ಅಲೆಯ ಆಸುಪಾಸಿನಲ್ಲೇ. ಅದು ಓಡುವಾಗ ಪಕ್ಕದ ಫೋನಿನಲ್ಲಿ ನೆಟ್ ತಡವರಿಸುವುದು ಅದಕ್ಕೇ.

ರೂಟರ್ ಅನ್ನು ಟಿವಿ ಹಿಂದೆ, ಶೋಕೇಸಿನೊಳಗೆ ಮುಚ್ಚಿಡಬೇಡಿ. ಮನೆಯ ನಡುಮಧ್ಯೆ, ನಿಮ್ಮ ತಲೆಯೆತ್ತರದಲ್ಲಿ, ತೆರೆದ ಜಾಗದಲ್ಲಿಡಿ. ಕಸೂತಿಯ ಹೊದಿಕೆಯೂ ಬೇಡ, ಡಬ್ಬಿಗೆ ಸೆಕೆಯಾಗುತ್ತದೆ. ವೈಫೈ ಹೆಸರು ಎರಡು ಕಾಣುತ್ತಿದ್ದರೆ '5ಜಿ' ಎಂದು ಬರೆದದ್ದು 5 ಗಿಗಾಹರ್ಟ್ಸ್‌ನದ್ದು. ಅದಕ್ಕೂ ಮೊಬೈಲ್ 5ಜಿಗೂ ಸಂಬಂಧವಿಲ್ಲ. ಅದು ವೇಗವಾದದ್ದು, ಆದರೆ ಗೋಡೆ ದಾಟುವುದರಲ್ಲಿ ಹಿಂದೆ. ರೂಟರ್ ಇರುವ ಕೋಣೆಯಲ್ಲಿ ಅದನ್ನು ಬಳಸಿ, ದೂರದ ಕೋಣೆಗೆ ಇನ್ನೊಂದನ್ನು.

ಗುಡುಗು, ಕರೆಂಟು, ಕೋತಿ

ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ನಮ್ಮ ಜಿಲ್ಲೆಗೆ ಹೊಸದಲ್ಲ. ಮೋಡ ಕಟ್ಟಿದ ಕೂಡಲೇ ಅಡಾಪ್ಟರ್ ಪ್ಲಗ್ ಕಿತ್ತಿಡಿ. ತಾಮ್ರದ ಫೋನ್ ಲೈನ್, ಟಿವಿ ಕೇಬಲ್ ಇದ್ದವರು ಅದನ್ನೂ ಡಬ್ಬಿಯಿಂದ ಬಿಡಿಸಬೇಕು. ಗುಡುಗು ಶುರುವಾದ ಮೇಲೆ ಮಾತ್ರ ತಂತಿ ಮುಟ್ಟಬೇಡಿ. ಗಾಜಿನ ಫೈಬರ್ ಸಿಡಿಲಿನ ಕರೆಂಟ್ ತರುವುದಿಲ್ಲ, ಆದರೆ ಕರೆಂಟ್ ಪ್ಲಗ್ ತರುತ್ತದೆ! ಅಡಾಪ್ಟರ್ ಸುಟ್ಟರೆ ಹೊಸದು ಕೊಳ್ಳುವಾಗ ಹಳೆಯದರ ಮೇಲೆ ಬರೆದ ವೋಲ್ಟ್ ಅಷ್ಟೇ ಇರಲಿ. ಆಂಪಿಯರ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ.

ಮನೆಯಲ್ಲಿ ಯುಪಿಎಸ್ ಇದೆ, ಆದರೂ ಕರೆಂಟ್ ಹೋದಾಗ ನೆಟ್ ಹೋಗುತ್ತದೆಯೇ? ಟಿವಿ ಕೇಬಲ್ ಲೈನಿನ ನಡುವೆ ಸಿಗ್ನಲ್ ಎತ್ತಿಕೊಡುವ ಪೆಟ್ಟಿಗೆಗಳಿಗೂ ಕರೆಂಟ್ ಬೇಕು. ನಿಮ್ಮ ಬೀದಿಯಲ್ಲಿ ಇದ್ದು, ಆ ಪೆಟ್ಟಿಗೆಯ ಬೀದಿಯಲ್ಲಿ ಇಲ್ಲದಿದ್ದರೂ ನೆಟ್ ನಿಲ್ಲುತ್ತದೆ. ಸೆಸ್ಕ್‌ನ 1912ಕ್ಕೆ ಫೋನ್ ಮಾಡಿದರೆ ಅರ್ಧ ಉತ್ತರ ಸಿಕ್ಕಂತೆ. ಇನ್ನು ಬಂಡೀಪುರದ ಅಂಚಿನ ಊರುಗಳವರೇ, ನೆಟ್ ಹೋದಾಗ ಮಾಳಿಗೆ ಕಡೆ ಒಮ್ಮೆ ಕಣ್ಣಾಡಿಸಿ. ತಂತಿ ಹಿಡಿದು ಜೋಕಾಲಿಯಾಡುವ ಕೋತಿಗೆ ಅದರ ಬೆಲೆ ಗೊತ್ತಿಲ್ಲ. ತಂತಿಯನ್ನು ಪೈಪಿನೊಳಗೆ ಹಾಯಿಸಿ ಗೋಡೆಗೆ ಕ್ಲಿಪ್ ಹೊಡೆಸುವುದು ಒಳ್ಳೆಯದು.

ದೂರು ಕೊಡುವುದು ಹೀಗೆ

"ನೆಟ್ ಬರ್ತಿಲ್ಲ, ಬೇಗ ಬಾರಪ್ಪ" ಎನ್ನಬೇಡಿ. "ಎಲ್ಓಎಸ್ ದೀಪ ಬೆಳಿಗ್ಗೆ ಹತ್ತರಿಂದ ಕೆಂಪಗಿದೆ, ಆಫ್ ಆನ್ ಮಾಡಿ ನೋಡಿದೆ, ಪಕ್ಕದ ಮನೆಯಲ್ಲೂ ಇಲ್ಲ" ಎನ್ನಿ. ಹುಡುಗ ಸರಿಯಾದ ಸಾಮಾನು ಹಿಡಿದೇ ಬರುತ್ತಾನೆ. ಅವನಿಗೆ ಹೇಳಿದ್ದಷ್ಟೇ ಸಾಲದು. ಬಿಲ್ಲಿನ ಮೇಲಿರುವ ಕಂಪನಿಯ ದೂರು ಕೇಂದ್ರಕ್ಕೂ ಫೋನ್ ಮಾಡಿ, ಡಾಕೆಟ್ ನಂಬರ್ ಬರೆದುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಹಕ್ಕನ್ನು ಟ್ರಾಯ್ ನಿಯಮ ನಿಮಗೆ ಕೊಟ್ಟಿದೆ. ಆಗ ಆ ನಂಬರೇ ನಿಮ್ಮ ಸಾಕ್ಷಿ.

"ನೆಟ್ ಸರಿಮಾಡ್ತೀವಿ, ಈ ಆ್ಯಪ್ ಹಾಕಿಕೊಳ್ಳಿ, ಓಟಿಪಿ ಹೇಳಿ" ಎಂದು ತಾವಾಗಿ ಫೋನ್ ಮಾಡುವವರನ್ನು ನಂಬಲೇಬೇಡಿ. ನೆಟ್ ಸರಿಮಾಡಲು ನಿಮ್ಮ ಬ್ಯಾಂಕಿನ ಓಟಿಪಿ ಯಾಕೆ ಬೇಕು? ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಮಾಡುವ ಹೊತ್ತಿಗೆ ಅರ್ಜಿಯ ಗಡುವು ಮೀರುವಂತಿದ್ದರೆ? ಫೋನಿನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪಿಗೆ ಕೊಡಿ, ಕೆಲಸ ಮುಗಿಸಿಕೊಳ್ಳಿ. ಬಿಡುವಾದ ಒಂದು ಮಧ್ಯಾಹ್ನ ಇದನ್ನೊಮ್ಮೆ ಮಾಡಿ ಕಲಿತಿಡಿ. ಅತ್ತೆಯವರಿಗೂ ಮಗಳಿಗೂ ತೋರಿಸಿಕೊಡಿ. ಮುಂದಿನ ಸಲ ಮೈಸೂರಿನಿಂದ ಮಗ ಫೋನ್ ಮಾಡಿ "ಅಮ್ಮ, ನಮ್ಮ ರೂಮಲ್ಲಿ ನೆಟ್ ಬರ್ತಿಲ್ಲ" ಎಂದರೆ ನೀವೇ ಕೇಳಬಹುದು: "ಯಾವ ದೀಪ ಉರೀತಿದೆ ನೋಡಪ್ಪ?"