ನಾಲ್ಕು ಎಲೆಗಳ ವಿನೋದ: ಶಾಲೆಗೆ ಒಪ್ಪುವ ಇಂದ್ರಜಾಲದ ಆಯ್ಕೆ

ಇಸ್ಪೀಟು ಎಂದೊಡನೆ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಎಕ್ಕ, ರಾಜ, ರಾಣಿ, ಗುಲಾಮರ ಚಿತ್ರಗಳ ಹಿಂದೆ ಅವರಿಗೆ ಕಾಣುವುದು ಜೂಜಿನ ಅಡ್ಡೆ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿಗಳಂತಹ ದುಡಿಮೆಯ ನೆಲೆಗಳಲ್ಲಿ ಈ ಆತಂಕ ನಿರಾಧಾರವೂ ಅಲ್ಲ. ಸಂಬಳದ ದಿನದ ಸಂಜೆ ಪಣವೊಡ್ಡಿ, ತಿಂಗಳ ದುಡಿಮೆಯನ್ನು ಕಳೆದುಕೊಂಡು ಬರಿಗೈಯಲ್ಲಿ ಮನೆಗೆ ಮರಳುವವನ ಸಂಕಟವನ್ನು ಅನುಭವಿಸುವವರು ಅವನ ಮಡದಿ ಮಕ್ಕಳೇ. ಹೀಗಿರುವಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ಎಲೆಗಳ ಚಮತ್ಕಾರವನ್ನು ತೋರಿಸಬಯಸುವ ಅಧ್ಯಾಪಕರ ಮುಂದಿರುವ ಮೊದಲ ಪ್ರಶ್ನೆ ‘ಹೇಗೆ ತೋರಿಸಬೇಕು’ ಎಂಬುದಲ್ಲ. ‘ಯಾವುದನ್ನು ಆರಿಸಿಕೊಳ್ಳಬೇಕು’ ಎಂಬುದು.

ಎಲೆ ಬೇರೆ, ಪಣ ಬೇರೆ ಎಂಬ ವಿವೇಕ ಕನ್ನಡ ನಾಡಿಗೆ ಹೊಸದೇನಲ್ಲ. ಮೈಸೂರಿನ ಗಂಜೀಫಾ ಎಲೆಗಳು ಚಿತ್ರಕಲೆಯ ಒಂದು ಸೊಬಗಿನ ಶಾಖೆಯಾಗಿ ಹೆಸರು ಪಡೆದಿವೆ. ದಶಾವತಾರ ಗಂಜೀಫಾದಲ್ಲಿ ಅವತಾರವೊಂದಕ್ಕೆ ೧೨ರಂತೆ ೧೨೦ ಎಲೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರು ಹಲವು ಬಗೆಯ ಎಲೆಯಾಟಗಳನ್ನು ತಾವೇ ರೂಪಿಸಿದರು; ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳ ವಿವರಣೆಯಿದೆ. ಎಲೆಯನ್ನು ಬುದ್ಧಿಯ ಸಾಧನವನ್ನಾಗಿ ಕಂಡ ಆ ದೃಷ್ಟಿಯೇ ಶಾಲೆಯ ಅಧ್ಯಾಪಕರಿಗೂ ದಾರಿಯಾಗಬಲ್ಲದು.

ಹೀಗೆ ಆರಿಸುವಾಗ ಇಡೀ ೫೨ ಎಲೆಗಳ ಕಟ್ಟಿಗಿಂತ ನಾಲ್ಕರಿಂದ ಎಂಟು ಎಲೆಗಳ ಪುಟ್ಟ ಗುಂಪು ಅನೇಕ ವಿಧಗಳಲ್ಲಿ ಅನುಕೂಲ. ಎಳೆಯ ಕೈಗಳಿಗೆ ಅದನ್ನು ಹಿಡಿಯುವುದು ಸುಲಭ. ನೋಡುವವರು ನೆನಪಿಟ್ಟುಕೊಳ್ಳಬೇಕಾದುದು ಕಡಿಮೆ. ಆದುದರಿಂದ ಬದಲಾವಣೆ ಥಟ್ಟನೆ ಕಣ್ಣಿಗೆ ಕಟ್ಟುತ್ತದೆ. ಅಂಗಡಿಯಿಂದ ಇಸ್ಪೀಟು ತರಿಸಲೇಬೇಕೆಂಬ ನಿರ್ಬಂಧವಿಲ್ಲ. ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಮಕ್ಕಳೇ ಎಲೆಗಳನ್ನು ಮಾಡಿಕೊಳ್ಳಬಹುದು. ಅವುಗಳ ಮೇಲೆ ರಾಜ, ರಾಣಿಯರ ಬದಲು ಹೂವು, ಹಣ್ಣು, ಅಂಕಿ, ಅಕ್ಷರಗಳನ್ನು ಬರೆದರಾಯಿತು.

ಪುಟ್ಟ ಗುಂಪಿನ ಚಮತ್ಕಾರಗಳಲ್ಲಿಯೂ ಎರಡು ಜಾತಿಗಳುಂಟು. ಮೊದಲನೆಯದು ಕೈಚಳಕವನ್ನು ನಂಬಿದ್ದು. ಕೆನಡಾದಲ್ಲಿ ಜನಿಸಿದ ಡಾಯ್ ವರ್ನನ್ (೧೮೯೪–೧೯೯೨) ಪ್ರಸಿದ್ಧಿಗೆ ತಂದ ಒಂದು ಆಟದಲ್ಲಿ ನಾಲ್ಕು ಎಕ್ಕಗಳು ಒಂದಾದ ಮೇಲೊಂದರಂತೆ ತಾವಾಗಿಯೇ ಮುಖ ತಿರುಗಿಸಿದಂತೆ ತೋರುತ್ತವೆ. ನೋಡಲು ಇದಕ್ಕಿಂತ ಸೊಗಸಾದುದು ವಿರಳ. ಆದರೆ ಅದರ ಜೀವಾಳ ಬ್ರಿಟನ್ನಿನ ಅಲೆಕ್ಸ್ ಎಲ್ಮ್ಸ್‌ಲಿ ಅವರು ಕಂಡುಹಿಡಿದ ಎಣಿಕೆಯ ಕ್ರಮ. ನಾಲ್ಕು ಎಲೆಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದಂತೆ ಕಂಡರೂ ಒಂದು ಎಲೆ ಮರೆಯಲ್ಲಿಯೇ ಉಳಿಯುತ್ತದೆ. ಇದು ಹದವಾಗಿ ಕೈಗೆ ಹತ್ತಲು ದೀರ್ಘಕಾಲದ ಅಭ್ಯಾಸ ಬೇಕು. ತುಸು ತಡವರಿಸಿದರೂ ಗುಟ್ಟು ರಟ್ಟಾಗುತ್ತದೆ. ಪಾಠ, ಪರೀಕ್ಷೆ, ಮೌಲ್ಯಮಾಪನಗಳ ನಡುವೆ ಬಿಡುವಿಲ್ಲದ ಅಧ್ಯಾಪಕರು ಇದರಿಂದ ಆರಂಭಿಸುವುದು ಉಚಿತವಲ್ಲ.

ಎರಡನೆಯ ಜಾತಿ ಲೆಕ್ಕದ ನಿಯಮವನ್ನು ನಂಬಿದ್ದು. ಇಲ್ಲಿ ಕೈ ಏನನ್ನೂ ಮರೆಮಾಡುವುದಿಲ್ಲ. ಹೇಳಿದ ಕ್ರಮ ತಪ್ಪದಿದ್ದರೆ ಫಲ ತಾನಾಗಿಯೇ ಒದಗುತ್ತದೆ. ಅಮೆರಿಕದ ಬಾಬ್ ಹಮ್ಮರ್ ಎಂಬ ಯಕ್ಷಿಣಿಗಾರರು ೧೯೪೦ರ ದಶಕದಲ್ಲಿ ಪ್ರಕಟಿಸಿದ ಒಂದು ತತ್ತ್ವದಿಂದ ಬೆಳೆದು ಬಂದ ನಾಲ್ಕು ಎಲೆಗಳ ಆಟ ಇದಕ್ಕೆ ಉತ್ತಮ ನಿದರ್ಶನ.

ಅದರ ಕ್ರಮ ಹೀಗಿದೆ. ನಾಲ್ಕು ಎಲೆಗಳನ್ನು ಬೆನ್ನು ಮೇಲಾಗಿ ಜೋಡಿಸಿ ವಿದ್ಯಾರ್ಥಿಯ ಕೈಗೆ ಕೊಡಬೇಕು. ಅವನು ಅವುಗಳನ್ನು ಕಲೆಸಿ, ತಳದ ಎಲೆಯನ್ನು ನೋಡಿ ನೆನಪಿಟ್ಟುಕೊಳ್ಳಲಿ. ಬಳಿಕ ಮೇಲಿನ ಎಲೆಯನ್ನು ಹಾಗೆಯೇ ತಳಕ್ಕೆ ಸೇರಿಸಲಿ. ಈಗ ಮೇಲೆ ಬಂದ ಎಲೆಯನ್ನು ಮುಖ ಮೇಲಾಗುವಂತೆ ಮಗುಚಿ ಅಲ್ಲಿಯೇ ಇಡಲಿ. ಇಲ್ಲಿಂದ ಮುಂದೆ ಎಲ್ಲವೂ ಅವನ ಇಚ್ಛೆ. ಮೇಲಿನಿಂದ ಒಂದೋ ಎರಡೋ ಮೂರೋ ಎಲೆಗಳನ್ನು ಒಟ್ಟಾಗಿ ಎತ್ತಿ, ಮಗುಚದೆ, ತಳಕ್ಕೆ ಸೇರಿಸಬಹುದು. ಇಲ್ಲವೆ ಮೇಲಿನ ಎರಡು ಎಲೆಗಳನ್ನು ಒಂದೇ ಎಲೆಯೆಂಬಂತೆ ಜೊತೆಯಾಗಿ ಮಗುಚಿ ಮತ್ತೆ ಮೇಲೆಯೇ ಇಡಬಹುದು. ಈ ಎರಡು ಕ್ರಿಯೆಗಳನ್ನು ಯಾವ ಕ್ರಮದಲ್ಲಾದರೂ ಎಷ್ಟು ಸಲವಾದರೂ ಮಾಡಲಿ. ಅಧ್ಯಾಪಕರು ಬೆನ್ನು ತಿರುಗಿಸಿ ನಿಂತಿರಬಹುದು.

ಅವನು ತೃಪ್ತನಾದ ಮೇಲೆ ಕೊನೆಯ ಮೂರು ಸೂಚನೆಗಳು: ಮೇಲಿನ ಎಲೆಯನ್ನು ಮಗುಚಿ ತಳಕ್ಕೆ ಸೇರಿಸುವುದು, ಅನಂತರದ ಎಲೆಯನ್ನು ಮಗುಚದೆ ತಳಕ್ಕೆ ಸೇರಿಸುವುದು, ಆಗ ಮೇಲೆ ಬಂದ ಎಲೆಯನ್ನು ಮಗುಚಿ ಅಲ್ಲಿಯೇ ಇಡುವುದು. ಈಗ ನಾಲ್ಕನ್ನೂ ಹರಡಿದರೆ ಮೂರು ಎಲೆಗಳು ಒಂದು ಬಗೆಯಲ್ಲಿ, ಒಂದು ಮಾತ್ರ ಅದಕ್ಕೆ ವಿರುದ್ಧವಾಗಿ ಕಾಣುತ್ತವೆ. ಆ ಒಂಟಿ ಎಲೆಯೇ ವಿದ್ಯಾರ್ಥಿ ನೆನೆದ ಎಲೆ!

ಇದರ ಮರ್ಮ ಸಮ–ಬೆಸಗಳಲ್ಲಿದೆ. ಮೇಲಿನಿಂದ ಒಂದನೆಯ ಮತ್ತು ಮೂರನೆಯ ಸ್ಥಾನಗಳು ಬೆಸ. ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳು ಸಮ. ಬೆಸಸ್ಥಾನದ ಎಲೆ ಮುಖ ಮೇಲಾಗಿಯೂ ಸಮಸ್ಥಾನದ ಎಲೆ ಬೆನ್ನು ಮೇಲಾಗಿಯೂ ಇರಬೇಕೆಂದು ಒಂದು ನಿಯಮವನ್ನು ಕಲ್ಪಿಸಿಕೊಳ್ಳೋಣ. ಆರಂಭದ ಸಿದ್ಧತೆ ಮುಗಿದಾಗ ಮೂರು ಎಲೆಗಳು ಈ ನಿಯಮವನ್ನು ಪಾಲಿಸುತ್ತಿರುತ್ತವೆ; ಮೂರನೆಯ ಸ್ಥಾನಕ್ಕೆ ಬಂದಿರುವ ನೆನೆದ ಎಲೆಯೊಂದೇ ಅದನ್ನು ಮೀರಿರುತ್ತದೆ. ಎರಡು ಎಲೆಗಳನ್ನು ಜೊತೆಯಾಗಿ ಮಗುಚಿದಾಗ ಪ್ರತಿಯೊಂದೂ ಬೆಸದಿಂದ ಸಮಕ್ಕೆ ಅಥವಾ ಸಮದಿಂದ ಬೆಸಕ್ಕೆ ಸರಿಯುತ್ತದೆ; ಅದೇ ಕ್ಷಣದಲ್ಲಿ ಅದರ ಮುಖವೂ ಬದಲಾಗುತ್ತದೆ. ಎರಡು ಬದಲಾವಣೆಗಳು ಒಟ್ಟಿಗೆ ಆಗುವುದರಿಂದ ಪಾಲಿಸುವುದು ಪಾಲಿಸುತ್ತಲೇ, ಮೀರಿದ್ದು ಮೀರಿಯೇ ಉಳಿಯುತ್ತದೆ. ಎರಡು ಎಲೆಗಳನ್ನು ತಳಕ್ಕೆ ಸೇರಿಸಿದರೆ ಏನೂ ಬದಲಾಗದು. ಒಂದನ್ನು ಅಥವಾ ಮೂರನ್ನು ಸೇರಿಸಿದರೆ ನಾಲ್ಕೂ ಎಲೆಗಳ ನಡತೆ ಒಮ್ಮೆಗೇ ತಲೆಕೆಳಗಾಗುತ್ತದೆ. ಹೇಗಾದರೂ ನೆನೆದ ಎಲೆ ಉಳಿದ ಮೂರರಿಂದ ಬೇರೆಯಾಗಿಯೇ ಇರುತ್ತದೆ. ಕೊನೆಯ ಸೂಚನೆಗಳು ಬೆಸಸ್ಥಾನದ ಎರಡು ಎಲೆಗಳನ್ನು ಮಾತ್ರ ಮಗುಚುವುದರಿಂದ, ಅದುವರೆಗೆ ಗುಪ್ತವಾಗಿದ್ದ ಈ ಭಿನ್ನತೆ ಕಣ್ಣಿಗೆ ಕಾಣುವಂತಾಗುತ್ತದೆ.

ಇದು ಕೇವಲ ವಿನೋದದ ಲೆಕ್ಕವಲ್ಲ. ೧೯೭೬ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಭೂಮಿಯಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಇಂದು ಸಹಸ್ರಾರು ಕಂಪ್ಯೂಟರುಗಳು ದುಡಿಯುತ್ತಿವೆ. ಕಂಪ್ಯೂಟರು ಎಲ್ಲವನ್ನೂ ಸೊನ್ನೆ ಮತ್ತು ಒಂದುಗಳ ಸಾಲಾಗಿ ಬರೆದುಕೊಳ್ಳುತ್ತದೆ. ಆ ಸಾಲನ್ನು ದೂರಕ್ಕೆ ಕಳುಹಿಸುವಾಗ, ಒಂದುಗಳ ಸಂಖ್ಯೆ ಸಮವಾಗುವಂತೆ ಕೊನೆಗೆ ಒಂದು ಅಂಕಿಯನ್ನು ಸೇರಿಸುವ ಪದ್ಧತಿಯುಂಟು. ಹಾದಿಯಲ್ಲಿ ಒಂದು ಅಂಕಿ ಕೆಟ್ಟರೆ ಒಂದುಗಳ ಸಂಖ್ಯೆ ಬೆಸವಾಗುತ್ತದೆ. ತಪ್ಪು ನುಸುಳಿದೆಯೆಂದು ಯಂತ್ರಕ್ಕೆ ತಿಳಿಯುತ್ತದೆ. ನಾಲ್ಕು ರಟ್ಟಿನ ಎಲೆಗಳಲ್ಲಿ ಆಡಿದ ಸಮ–ಬೆಸಗಳ ವಿಚಾರವೇ ಅಲ್ಲಿಯೂ ಕಾವಲು ನಿಂತಿದೆ. ಮೇಲೆ ಹೆಸರಿಸಿದ ಎಲ್ಮ್ಸ್‌ಲಿ ಅವರೂ ವೃತ್ತಿಯಿಂದ ಕಂಪ್ಯೂಟರು ಕ್ಷೇತ್ರದವರೇ ಎಂಬುದನ್ನು ಇಲ್ಲಿ ನೆನೆಯಬಹುದು.

ದೊಡ್ಡ ಸಭೆಯಲ್ಲಿ ಚಿಕ್ಕ ಎಲೆಗಳು ಕಾಣುವುದಿಲ್ಲವೆಂಬ ಆಕ್ಷೇಪಕ್ಕೂ ಪರಿಹಾರವಿದೆ. ಒಂದು ಬದಿ ಕೆಂಪು, ಮತ್ತೊಂದು ಬದಿ ಬಿಳುಪು ಬಳಿದ ನಾಲ್ಕು ದೊಡ್ಡ ರಟ್ಟುಗಳನ್ನು ನಾಲ್ವರು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಎಲ್ಲ ಬಿಳಿಯ ಬದಿಗಳೂ ಸಭೆಗೆ ಕಾಣುವಂತೆ ಸಾಲಾಗಿ ನಿಲ್ಲಿಸಬೇಕು. ಅಧ್ಯಾಪಕರು ಬೆನ್ನು ತಿರುಗಿಸಿ ನಿಂತ ಮೇಲೆ ಸಭೆ ಸೂಚಿಸಿದ ವಿದ್ಯಾರ್ಥಿ ಸಾಲಿನ ಕೊನೆಗೆ ಬರಲಿ. ‘ತಳಕ್ಕೆ ಸೇರಿಸು’ ಎಂದರೆ ಮೊದಲಿನವರು ಸಾಲಿನ ಕೊನೆಗೆ ನಡೆಯುವುದು; ‘ಜೊತೆಯಾಗಿ ಮಗುಚು’ ಎಂದರೆ ಮೊದಲ ಇಬ್ಬರು ಜಾಗ ಬದಲಿಸಿ, ತಮ್ಮ ತಮ್ಮ ರಟ್ಟುಗಳನ್ನು ತಿರುಗಿಸುವುದು. ಎಷ್ಟು ಸಲ, ಯಾವುದರ ನಂತರ ಯಾವುದು ಎಂಬುದನ್ನು ಸಭಿಕರೇ ಕೂಗಿ ಹೇಳಲಿ. ಇಷ್ಟೆಲ್ಲ ಗೊಂದಲದ ಕೊನೆಗೆ ಮೂರು ರಟ್ಟುಗಳ ನಡುವೆ ಒಂದು ಮಾತ್ರ ಬೇರೆ ಬಣ್ಣದಿಂದ ಕಂಗೊಳಿಸಿದಾಗ ಹಿಂದಿನ ಸಾಲಿನ ಮಗುವಿಗೂ ಅದು ಕಾಣುತ್ತದೆ. ನಾಲ್ಕಾರು ಭಾಷೆಗಳ ಮನೆಗಳಿಂದ ಮಕ್ಕಳು ಬರುವ ಈ ಪ್ರದೇಶದ ಶಾಲೆಗಳಲ್ಲಿ, ಹೆಚ್ಚು ಮಾತಿಲ್ಲದೆ ಎಲ್ಲರಿಗೂ ತಿಳಿಯುವ ವಿನೋದಕ್ಕೆ ವಿಶೇಷ ಬೆಲೆಯಿದೆ.

ಇನ್ನು ಕೊನೆಯ ವಿಚಾರ: ಗುಟ್ಟನ್ನು ಹೇಳಬೇಕೆ? ವೃತ್ತಿನಿರತ ಯಕ್ಷಿಣಿಗಾರರಿಗೆ ಗುಟ್ಟೇ ಜೀವನೋಪಾಯ. ಅದನ್ನು ಬಯಲು ಮಾಡುವುದು ಸಲ್ಲದು. ಆದರೆ ಅಧ್ಯಾಪಕರ ಸಂಬಂಧ ಬೇರೆ. ಪ್ರೇಕ್ಷಕನನ್ನು ಬೆರಗಿನಲ್ಲಿಯೇ ಬಿಟ್ಟು ಹೋಗಬಹುದು. ಶಿಷ್ಯನನ್ನು ಹಾಗೆ ಬಿಡಲಾಗದು. ೧೯೬೨ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಅನ್ನು ಹುಟ್ಟುಹಾಕಿ, ೧೯೭೬ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದ ಡಾ. ಎಚ್. ನರಸಿಂಹಯ್ಯನವರು ಜೀವನವಿಡೀ ಎತ್ತಿಹಿಡಿದದ್ದು ಪ್ರಶ್ನಿಸುವ ಮನೋಭಾವವನ್ನೇ.

ಬಸ್ ನಿಲ್ದಾಣದ ಮೂಲೆಯಲ್ಲಿ, ಜಾತ್ರೆಯ ಅಂಚಿನಲ್ಲಿ ಮೂರು ಎಲೆಗಳನ್ನು ಬೋರಲು ಹಾಸಿ, ‘ರಾಣಿ ಎಲ್ಲಿದ್ದಾಳೆ ಹೇಳು, ದುಪ್ಪಟ್ಟು ಹಣ ಗೆಲ್ಲು’ ಎಂದು ಕರೆಯುವವನ ಕೈಯಲ್ಲಿರುವುದೂ ಒಂದು ಪುಟ್ಟ ಎಲೆಗುಂಪೇ. ಅಲ್ಲಿ ಗುಟ್ಟು ಹಣ ಕೀಳುವುದಕ್ಕೆ; ಶಾಲೆಯಲ್ಲಿ ಗುಟ್ಟು ತಿಳಿವನ್ನು ಕೊಡುವುದಕ್ಕೆ. ಕಣ್ಣಿಗೆ ಕಂಡದ್ದೆಲ್ಲ ನಿಜವಲ್ಲವೆಂದೂ, ಪ್ರತಿ ಬೆರಗಿನ ಹಿಂದೆ ವಿಚಾರಿಸಿ ತಿಳಿಯಬಹುದಾದ ಒಂದು ಕ್ರಮವಿದೆಯೆಂದೂ ತರಗತಿಯಲ್ಲಿ ಮನಗಂಡ ಮಗು, ನಾಳೆ ಸಂಬಳದ ಹಣ ಜೇಬಿನಲ್ಲಿರುವಾಗ ಅಂಥವನ ಮುಂದೆ ಕುಳಿತುಕೊಳ್ಳುವ ಮೊದಲು ಒಂದು ಕ್ಷಣ ಯೋಚಿಸೀತು. ನಾಲ್ಕು ರಟ್ಟಿನ ತುಂಡುಗಳಿಂದ ಅಷ್ಟು ಸಾಧ್ಯವಾದರೆ ಅಧ್ಯಾಪಕರ ಆಯ್ಕೆ ಸಾರ್ಥಕವಾದಂತೆಯೇ.