ಮಗುವಿಗೆ ಇನ್ನೊಬ್ಬರ ಮನಸ್ಸು ಅರ್ಥವಾಗುವುದು ಹೇಗೆ?

ನಿಮ್ಮ ಮೂರು ವರ್ಷದ ಮಗುವಿಗೆ ಈ ಕಥೆ ಹೇಳಿ ನೋಡಿ. ಮ್ಯಾಕ್ಸಿ ಎಂಬ ಹುಡುಗ ಚಾಕಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ತಾಯಿ ಅದನ್ನು ಬೇರೊಂದು ಕಪಾಟಿನಲ್ಲಿಡುತ್ತಾಳೆ. ಮರಳಿ ಬಂದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ?

ಮೂರು ವರ್ಷದ ಹೆಚ್ಚಿನ ಮಕ್ಕಳು ಚಾಕಲೇಟು ಈಗ ಇರುವ ಕಪಾಟನ್ನೇ ತೋರಿಸುತ್ತಾರೆ. ತಮಗೆ ತಿಳಿದದ್ದು ಮ್ಯಾಕ್ಸಿಗೆ ತಿಳಿದಿಲ್ಲ ಎಂಬುದು ಅವರಿಗೆ ಹೊಳೆಯುವುದಿಲ್ಲ. ಅದು ದಡ್ಡತನವಲ್ಲ, ವಯಸ್ಸಿನ ಗುಣ. ಐದರ ಹೊತ್ತಿಗೆ ಹೆಚ್ಚಿನವರು ಸರಿಯಾಗಿ ಹೇಳುತ್ತಾರೆ. ವಿಮ್ಮರ್ ಮತ್ತು ಪೆರ್ನರ್ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲಿ ಪ್ರಕಟಿಸಿದ ಪರೀಕ್ಷೆಯಿದು.

ಒಡಹುಟ್ಟಿದವರಿರುವ ಮಕ್ಕಳು ಇಂತಹ ಪರೀಕ್ಷೆಯಲ್ಲಿ ಬೇಗ ಗೆಲ್ಲುತ್ತಾರೆಂದು ಪೆರ್ನರ್ ಮತ್ತು ಸಂಗಡಿಗರು 1994ರಲ್ಲಿ ಕಂಡುಕೊಂಡರು. ಅಣ್ಣನಿಂದ ಆಟಿಕೆ ಬಚ್ಚಿಡುವುದು, ತಂಗಿಯನ್ನು ರಮಿಸುವುದು, ಜಗಳವಾಡಿ ರಾಜಿಯಾಗುವುದು ಎಲ್ಲವೂ ಇನ್ನೊಬ್ಬರ ಮನಸ್ಸನ್ನು ಊಹಿಸುವ ಅಭ್ಯಾಸವೇ. ಹಾಗೆಂದು ಒಂದೇ ಮಗುವಿರುವ ಹೆತ್ತವರು ಚಿಂತಿಸಬೇಕಿಲ್ಲ. 1996ರಲ್ಲಿ ಜೆಂಕಿನ್ಸ್ ಮತ್ತು ಆಸ್ಟಿಂಗ್‌ಟನ್ ನಡೆಸಿದ ಅಧ್ಯಯನದಲ್ಲಿ ಭಾಷೆ ಚೆನ್ನಾಗಿ ಬೆಳೆದ ಮಕ್ಕಳು ಮುಂದಿದ್ದರು. ಒಡಹುಟ್ಟಿದವರಿಂದ ಹೆಚ್ಚು ನೆರವಾದದ್ದು ಭಾಷೆಯಲ್ಲಿ ಹಿಂದಿದ್ದ ಮಕ್ಕಳಿಗೆ. ಅದೇ ವರ್ಷ ಪ್ರಕಟವಾದ ಕ್ರೀಟ್ ಮತ್ತು ಸೈಪ್ರಸ್ ದ್ವೀಪಗಳ ಅಧ್ಯಯನದಲ್ಲಿ ಹಿರಿಯರ ಮತ್ತು ದೊಡ್ಡ ಮಕ್ಕಳ ದಿನನಿತ್ಯದ ಒಡನಾಟವೂ ನೆರವಾದದ್ದು ಕಂಡುಬಂತು. ಅಜ್ಜಿ, ಚಿಕ್ಕಮ್ಮ, ನೆರೆಮನೆಯ ಮಕ್ಕಳು ಎಲ್ಲರೂ ಇಲ್ಲಿ ಗುರುಗಳೇ.

ಮಾತೇ ಸಿಗದ ಮಗುವಿನ ಪಾಡೇನು? ಕಿವಿ ಕೇಳುವ ಹೆತ್ತವರ ಮನೆಯಲ್ಲಿ ಬೆಳೆದ ಕಿವುಡ ಮಕ್ಕಳಲ್ಲಿ ಹೆಚ್ಚಿನವರು ಎಂಟು ವರ್ಷ ದಾಟಿದರೂ ಇಂತಹ ಪರೀಕ್ಷೆಯಲ್ಲಿ ಸೋತದ್ದು 1995ರಲ್ಲಿ ಆಸ್ಟ್ರೇಲಿಯಾದಲ್ಲಿ ಬೆಳಕಿಗೆ ಬಂತು. ಹುಟ್ಟಿನಿಂದಲೇ ಮನೆಯಲ್ಲಿ ಸಂಜ್ಞಾಭಾಷೆ ಕಂಡ ಕಿವುಡ ಮಕ್ಕಳಿಗೆ ಇಂತಹ ಹಿನ್ನಡೆಯಿಲ್ಲವೆಂದು ನಂತರದ ಅಧ್ಯಯನಗಳು ತೋರಿಸಿದವು. ಕೊರತೆ ಬುದ್ಧಿಯದ್ದಲ್ಲ, ಸಂಭಾಷಣೆಯದ್ದು.

ನೀವು ಮಾಡಬೇಕಾದುದು ಇಷ್ಟೇ. ಮಕ್ಕಳು ಜಗಳವಾಡಿದಾಗ ಗದರಿ ಸುಮ್ಮನಾಗಿಸುವ ಮೊದಲು, “ಅವನಿಗೆ ಯಾಕೆ ಬೇಸರವಾಯಿತು? ಅವನು ಏನೆಂದುಕೊಂಡ?” ಎಂದು ಕೇಳಿ. ಕಥೆ ಹೇಳುವಾಗ ಪಾತ್ರಗಳ ಮನಸ್ಸಿನಲ್ಲೇನಿದೆ ಎಂದು ವಿಚಾರಿಸಿ. ಕನ್ನಡವೋ ಬ್ಯಾರಿಯೋ ಉರ್ದುವೋ, ಮನೆಮಾತಿನಲ್ಲೇ ಮಾತನಾಡಿ. ಕರೆದರೆ ಮಗು ತಿರುಗಿ ನೋಡದಿದ್ದರೆ, ಮಾತು ತಡವಾದರೆ, “ತಾನಾಗಿ ಸರಿಹೋಗುತ್ತದೆ” ಎಂದು ಕಾಯಬೇಡಿ. ಕೂಡಲೇ ಕಿವಿ ಪರೀಕ್ಷೆ ಮಾಡಿಸಿ. ಕಿವುಡುತನವಿದ್ದರೆ ಚಿಕಿತ್ಸೆಯ ಜೊತೆಗೆ ಸಂಜ್ಞೆಯ ಭಾಷೆಯನ್ನು ಮನೆಮಂದಿಯೆಲ್ಲ ಕಲಿಯಿರಿ. ಮಗುವಿಗೆ ಒಂದು ಭಾಷೆ ಬೇಗ ದಕ್ಕಬೇಕು.