ಡಿಸ್ಕ್ ಕೆಟ್ಟರೆ ಲ್ಯಾಪ್‌ಟಾಪ್ ಎಸೆಯಬೇಕೆ?

ಲ್ಯಾಪ್‌ಟಾಪ್ ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬ ಒಂದು ಸಾಲು ಮೂಡಿ, ಆಮೇಲೆ ಏನೂ ನಡೆಯದಿದ್ದರೆ ಬಹಳ ಮಂದಿ ಅದರ ಆಸೆಯನ್ನೇ ಬಿಟ್ಟುಬಿಡುತ್ತಾರೆ. ಐದಾರು ವರ್ಷ ಹಳೆಯದಾಗಿದ್ದರಂತೂ ಹೊಸದು ಕೊಳ್ಳಲು ಅದೊಂದು ನೆಪವೇ ಆಗುತ್ತದೆ. ಆದರೆ ಆ ಸಾಲು ಪರದೆಗೆ ಬರಬೇಕಾದರೆ ಮದರ್‌ಬೋರ್ಡ್, ಪ್ರೊಸೆಸರ್, ಮೆಮೊರಿ, ಡಿಸ್‌ಪ್ಲೇ ಎಲ್ಲವೂ ಕೆಲಸ ಮಾಡುತ್ತಿರಲೇಬೇಕು. ಅವು ಹುಡುಕಿದ ಒಂದು ಬಿಡಿಭಾಗ ಮಾತ್ರ ಓಗೊಡುತ್ತಿಲ್ಲ, ಅಷ್ಟೆ. ಇದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಬೇರೊಂದು ಕಂಪ್ಯೂಟರಿನಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಅದರಿಂದಲೇ ಲ್ಯಾಪ್‌ಟಾಪನ್ನು ಶುರು ಮಾಡಿದರೆ, ಡಿಸ್ಕನ್ನು ಕಳಚಿಟ್ಟಿದ್ದರೂ ಅದು ಪೂರ್ತಿ ತೆರೆದುಕೊಳ್ಳುತ್ತದೆ; ವೈಫೈ ಹಿಡಿಯುತ್ತದೆ, ವಿಡಿಯೊ ಓಡುತ್ತದೆ. ಹಾಗೆ ತೆರೆದುಕೊಂಡಿತು ಎಂದರೆ ಕೆಟ್ಟಿರುವುದು ಬಹುಮಟ್ಟಿಗೆ ಡಿಸ್ಕ್, ಇಲ್ಲವೇ ಅದರ ಕೇಬಲ್. ಎರಡೂ ಬದಲಾಯಿಸಬಹುದಾದವು. ಅವುಗಳ ಜೊತೆ ಇಡೀ ಯಂತ್ರವನ್ನು ಮೂಲೆಗೆ ತಳ್ಳುವುದು ದುಡ್ಡಿನ ಲೆಕ್ಕದಲ್ಲೂ ತಪ್ಪು, ತಾಂತ್ರಿಕ ಲೆಕ್ಕದಲ್ಲೂ ತಪ್ಪು.

ಉಳಿದೆಲ್ಲ ಗಟ್ಟಿಯಾಗಿರುವಾಗ ಡಿಸ್ಕೇ ಏಕೆ ಮೊದಲು ಕೈಕೊಡುತ್ತದೆ? ಫ್ಯಾನ್ ಬಿಟ್ಟರೆ ಹಳೆಯ ಲ್ಯಾಪ್‌ಟಾಪಿನೊಳಗೆ ಸದಾ ತಿರುಗುವ ಭಾಗ ಅದೊಂದೇ. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅಷ್ಟಿದ್ದೂ ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಗಾತ್ರ ಎರಡೂವರೆ ಇಂಚಿಗೆ ಇಳಿದರೂ ಮೂಲ ತತ್ವ ಬದಲಾಗಿಲ್ಲ. ಸಾಮಾನ್ಯ ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಅದನ್ನು ಓದುವ ಹೆಡ್ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತಿರುತ್ತದೆ. ಕೂದಲೆಳೆಯ ದಪ್ಪವೇ ಸುಮಾರು 80,000 ನ್ಯಾನೊಮೀಟರ್ ಎಂಬುದನ್ನು ನೆನೆದರೆ, ಆನ್ ಇರುವಾಗಲೇ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ ಎಸೆಯುವವರ ಡಿಸ್ಕ್ ಇಷ್ಟು ದಿನ ಬಾಳುವುದೇ ಸೋಜಿಗ. ಫೈಲ್ ತೆರೆಯಲು ಹೊತ್ತು ಹಿಡಿಯುವುದು, ನಡುನಡುವೆ ಎಲ್ಲ ಸ್ತಬ್ಧವಾಗುವುದು, ಒಳಗಿನಿಂದ ಟಕ್ ಟಕ್ ಸದ್ದು ಬರುವುದು ಕೆಡುವ ಸೂಚನೆಗಳು. ತನ್ನ ಆರೋಗ್ಯವನ್ನು ತಾನೇ ದಾಖಲಿಸಿಕೊಳ್ಳುವ ‘ಸ್ಮಾರ್ಟ್’ ಎಂಬ ಏರ್ಪಾಡೂ ಡಿಸ್ಕಿನಲ್ಲಿದೆ. ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಗೂಗಲ್‌ನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಏರ್ಪಾಡಿನ ನಾಲ್ಕು ಮುಖ್ಯ ಸೂಚಕಗಳಲ್ಲಿ ಯಾವ ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ.

ಬದಲಾಯಿಸುವ ಕೆಲಸ ಜನ ಹೆದರುವಷ್ಟು ದೊಡ್ಡದಲ್ಲ. ತಳಭಾಗದ ಸ್ಕ್ರೂ ಬಿಚ್ಚಿ, ಬ್ಯಾಟರಿಯ ಸಂಪರ್ಕ ಕಳಚಿ, ಹಳೆಯ ಡಿಸ್ಕನ್ನು ಅದರ ಲೋಹದ ಚೌಕಟ್ಟಿನೊಂದಿಗೆ ಎಳೆದು ತೆಗೆದು, ಅದೇ ಜಾಗದಲ್ಲಿ ಹೊಸದನ್ನು ಕೂರಿಸುವುದು, ಇಷ್ಟೇ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇದು ದಿನನಿತ್ಯದ ಕೆಲಸ. ಕೊಳ್ಳುವಾಗ ಮತ್ತೆ ತಿರುಗುವ ಡಿಸ್ಕನ್ನೇ ಕೊಳ್ಳದೆ ಎಸ್‌ಎಸ್‌ಡಿ ಕೊಳ್ಳಬೇಕು. ತಿರುಗುವ ಡಿಸ್ಕಿನಲ್ಲಿ ಬೇಕಾದ ಮಾಹಿತಿ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತಾದರೂ ಕಾಯಬೇಕು, ಹೆಡ್ ಅಲ್ಲಿಗೆ ಸರಿಯುವ ಹೊತ್ತು ಬೇರೆ. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲುಗಳನ್ನು ಓದುವುದರಿಂದ ಈ ಕಾಯುವಿಕೆಯೆಲ್ಲ ಸೇರಿ ನಿಮಿಷಗಳಾಗುತ್ತವೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಇಲ್ಲ, ಕಾಯುವುದೂ ಇಲ್ಲ. ‘ಲ್ಯಾಪ್‌ಟಾಪ್ ಹಳೆಯದಾಗಿ ನಿಧಾನವಾಗಿದೆ’ ಎಂಬ ದೂರಿನ ದೊಡ್ಡ ಪಾಲು ವಾಸ್ತವವಾಗಿ ಡಿಸ್ಕಿನ ಮೇಲಿನ ದೂರು. ಹಾಗಾಗಿ ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣ ಪಾಲಿನಲ್ಲಿ ಸಿಗುವ ಈ ಬಿಡಿಭಾಗ, ರಿಪೇರಿಯ ಜೊತೆಗೆ ಯಂತ್ರ ಹೊಸದಿದ್ದಾಗಲೂ ಇರದಿದ್ದ ವೇಗವನ್ನು ಕೊಡುತ್ತದೆ. ಒಂದು ಎಚ್ಚರಿಕೆ: ಚ್ಯೂಯಿಂಗ್ ಗಮ್ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿಗಳಲ್ಲಿ ಸಾಟಾ, ಎನ್‌ವಿಎಂಇ ಎಂಬ ಎರಡು ಬಗೆಗಳಿವೆ. ನೋಡಲು ಒಂದೇ ಥರ ಇದ್ದರೂ ಒಂದರ ಬದಲು ಇನ್ನೊಂದು ನಡೆಯದಿರಬಹುದು. ಹಳೆಯದನ್ನೇ ಅಂಗಡಿಗೆ ಒಯ್ದು ತೋರಿಸುವುದು ಒಳ್ಳೆಯದು. ಇನ್ನು ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಸಂಗ್ರಹದ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ನನ್ನ ವಾದ ನಡೆಯುವುದಿಲ್ಲ. ಹೊಸದು ಕೊಳ್ಳುವಾಗ ಈ ಒಂದು ಪ್ರಶ್ನೆ ಕೇಳಿಕೊಳ್ಳುವುದು ವಾಸಿ.

ಯಂತ್ರ ಸರಿಹೋದರೂ ವಿಂಡೋಸ್ ಹೋಯಿತಲ್ಲ, ಅದನ್ನು ಮತ್ತೆ ದುಡ್ಡು ಕೊಟ್ಟು ತರಬೇಡವೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ. ಬೇಡ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ, ವಿಂಡೋಸ್ ಹಾಕಿಯೇ ಮಾರುವ ಲ್ಯಾಪ್‌ಟಾಪುಗಳಲ್ಲಿ ಪರವಾನಗಿಯ ಕೀ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಇರುತ್ತದೆ, ಡಿಸ್ಕಿನಲ್ಲಿ ಅಲ್ಲ. ಮೈಕ್ರೋಸಾಫ್ಟ್ ತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು, 8 ಜಿಬಿಯ ಪೆನ್‌ಡ್ರೈವಿಗೆ ಹಾಕಿ, ಮೊದಲಿದ್ದ ಆವೃತ್ತಿಯನ್ನೇ (ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ) ಇನ್‌ಸ್ಟಾಲ್ ಮಾಡಿದರೆ, ಇಂಟರ್ನೆಟ್ ಸಿಕ್ಕೊಡನೆ ಅದು ತಾನಾಗಿ ಸಕ್ರಿಯವಾಗುತ್ತದೆ. ಹೀಗಿರುವಾಗ, ಕಡಿಮೆ ದುಡ್ಡಿಗೆ ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಕೊಡುತ್ತೇನೆ ಎನ್ನುವವರ ಮಾತಿಗೆ ಒಪ್ಪುವುದು ಇರುವ ಹಕ್ಕನ್ನು ಬಿಟ್ಟು ಕಳ್ಳಮಾಲು ಕೊಂಡಂತೆ. ಆ್ಯಂಟಿವೈರಸ್ ಆಫ್ ಮಾಡಿ ಎಂದೇ ಶುರುವಾಗುವ ತಂತ್ರಾಂಶದ ಮೇಲೆ ಬ್ಯಾಂಕಿನ ವ್ಯವಹಾರ ಮಾಡುವುದು ಜಾಣತನವಲ್ಲ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು: ಯೂನಿಕೋಡ್ ಕನ್ನಡ ಹೊಸ ವಿಂಡೋಸ್‌ನಲ್ಲಿ ತಾನಾಗಿ ಕಾಣುತ್ತದೆ. ಆದರೆ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟುಗಳನ್ನು ಮತ್ತೆ ಹಾಕುವ ತನಕ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕಡತವೇ ಹಾಳಾಯಿತೆಂದು ಅಳಿಸಿಬಿಡಬೇಡಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಭದ್ರತಾ ಚಿಪ್ಪು ಮತ್ತು ತಕ್ಕಮಟ್ಟಿಗೆ ಹೊಸ ಪ್ರೊಸೆಸರ್ ಬೇಕು. ಹಾಗಾದರೆ 2016ರ ಲ್ಯಾಪ್‌ಟಾಪಿಗೆ ಹೊಸ ಡಿಸ್ಕ್ ಹಾಕಿ ಏನು ಪ್ರಯೋಜನ? ಟ್ಯಾಲಿಯಂಥ ವಿಂಡೋಸ್ ತಂತ್ರಾಂಶವನ್ನೇ ನಂಬಿದ ಕಚೇರಿಗೆ ಈ ಪ್ರಶ್ನೆ ನಿಜವಾದದ್ದೇ. ಅವರು ಹೊಸದು ಕೊಳ್ಳುವುದೇ ಸರಿ. ಆದರೆ ಮನೆಯ ಬಹುತೇಕ ಕೆಲಸ ನಡೆಯುವುದು ಬ್ರೌಸರಿನಲ್ಲಿ. ಅದಕ್ಕೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಧಾರಾಳವಾಗಿ ಸಾಕು. ಅದರಲ್ಲಿ ಕನ್ನಡ ಓದಲೂ ಬರೆಯಲೂ ತೊಡಕಿಲ್ಲ, ಲಿಬ್ರೆಆಫೀಸ್ ಜೊತೆಗೇ ಬರುತ್ತದೆ. ಅಡಚಣೆ ಇರುವುದು ನಮ್ಮ ರೂಢಿಯಲ್ಲಿ.

‘ಅದೆಲ್ಲ ಸರಿ, ಫೋಟೊ ಹೋದವಲ್ಲ’ ಎನ್ನುವವರ ದುಃಖಕ್ಕೆ ಮಾತ್ರ ಸುಲಭದ ಉತ್ತರವಿಲ್ಲ. ಆದರೆ ಹೊಸ ಲ್ಯಾಪ್‌ಟಾಪ್ ಕೊಂಡರೂ ಆ ಫೋಟೊಗಳು ಬರುವುದಿಲ್ಲ. ಇದು ಬ್ಯಾಕಪ್ ಬೇಕೆನ್ನುವುದಕ್ಕೆ ಕಾರಣವೇ ಹೊರತು ಯಂತ್ರ ಎಸೆಯುವುದಕ್ಕೆ ಅಲ್ಲ. ಕೆಡುತ್ತಿರುವ ಡಿಸ್ಕ್ ಇನ್ನೂ ಕಾಣಿಸಿಕೊಳ್ಳುತ್ತಿದ್ದರೆ, ಅದರ ಮೇಲೆ ಯಾವ ರಿಪೇರಿಯನ್ನೂ ಮಾಡದೆ ಮೊದಲು ಇನ್ನೊಂದು ಡಿಸ್ಕಿಗೆ ಪೂರ್ತಿ ನಕಲು ಮಾಡಿಕೊಳ್ಳಬೇಕು. ಓದಲಾಗದ ಜಾಗವನ್ನು ದಾಟಿಕೊಂಡು ನಕಲು ಮಾಡುವ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಟಕ್ ಟಕ್ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡುವುದು ಸಲ್ಲದು. ಹೆಡ್ ತಟ್ಟೆಯನ್ನು ಗೀಚಿದಷ್ಟೂ ಉಳಿದದ್ದೂ ಹೋಗುತ್ತದೆ. ಧೂಳಿಲ್ಲದ ಕೋಣೆಯಿರುವ ಡೇಟಾ ರಿಕವರಿ ಲ್ಯಾಬಿಗೆ ಕಳಿಸಬೇಕು, ಅದು ದುಬಾರಿ. ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತು ಕೇಳಿ ಒಳಗೆ ತೇವ ಸೇರಿಸಬೇಡಿ. ಬಿಟ್‌ಲಾಕರ್ ಗೂಢಲಿಪಿ ಇದ್ದ ಡಿಸ್ಕಾದರೆ 48 ಅಂಕಿಗಳ ರಿಕವರಿ ಕೀ ಇಲ್ಲದೆ ಯಾವ ಲ್ಯಾಬೂ ಏನೂ ಮಾಡಲಾರದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಇವತ್ತೇ ನೋಡಿಟ್ಟುಕೊಳ್ಳಿ.

2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಸೃಷ್ಟಿಸಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡ 22.3 ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಒಂದು ಬಿಡಿಭಾಗಕ್ಕಾಗಿ ಇಡೀ ಲ್ಯಾಪ್‌ಟಾಪನ್ನು ಆ ರಾಶಿಗೆ ಸೇರಿಸಬೇಕಿಲ್ಲ. ರಿಪೇರಿ ಮಾಡಿಸಿ. ಆದರೆ ಹಳೆಯ ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ, ಕೇಳಿ ಪಡೆಯಿರಿ. ಕೆಟ್ಟ ಡಿಸ್ಕಿನ ತಟ್ಟೆಗಳಲ್ಲೂ ನಿಮ್ಮ ಆಧಾರ್ ಪ್ರತಿ, ಬ್ಯಾಂಕ್ ಕಾಗದಪತ್ರಗಳು ಹಾಗೆಯೇ ಇರುತ್ತವೆ.